ಬಸ್ ಶೆಡ್ಡಿನ ಹಾಡುಗಾರರು

ಭಾನುವಾರ, ಫೆಬ್ರವರಿ ೧೨

ಅಮ್ಮಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಮಂಡಿನೋವು ವಿಚಾರಿಸುತ್ತೇನೆ, ಬೈಯಬೇಡ. ನಿನ್ನೆ ಸಮೂಹಗಾನದ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ಎರಡನೇ ಬಹುಮಾನ ಹೊಡೆದರು! ಹೆಮ್ಮೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹೋದ ಸಲ ಬರೆದಿದ್ದೆನಲ್ಲ, ಮೊದಲ ಸ್ಪರ್ಧೆಯಲ್ಲಿ ನಮ್ಮ ಹಾಡು ಮೂರನೇ ಸಾಲಿಗೂ ಕೇಳಲಿಲ್ಲ ಅಂತ. ಕೇಳುವುದಾದರೂ ಹೇಗೆ? ನಮ್ಮ ಶಾಲೆಯಲ್ಲಿ ಸಂಗೀತಕ್ಕೊಂದು ಕೋಣೆಯಿಲ್ಲ. ಹತ್ತನೇ ತರಗತಿಯ ಪಕ್ಕದ ಇಕ್ಕಟ್ಟಾದ ಹಜಾರದಲ್ಲಿ ಗೋಡೆಗೆ ಬೆನ್ನು ಹಚ್ಚಿ ಹನ್ನೊಂದು ಮಕ್ಕಳು ನಿಂತರೆ ಹನ್ನೆರಡನೆಯವರಿಗೆ ಜಾಗವಿಲ್ಲ. ದನಿ ಸ್ವಲ್ಪ ಏರಿತೋ, ಗಣಿತದ ಮೇಷ್ಟ್ರು ಬಾಗಿಲಿಂದ ತಲೆ ಹೊರಹಾಕಿ, "ಸ್ವಲ್ಪ ಮೆತ್ತಗೆ ಮಿಸ್, ಪರೀಕ್ಷೆ ಹತ್ರ ಬಂತು" ಅನ್ನುತ್ತಿದ್ದರು. ವರ್ಷವಿಡೀ ಪಿಸುಗುಟ್ಟಿ ಕಲಿತವರು ವೇದಿಕೆಯ ಮೇಲೂ ಪಿಸುಗುಟ್ಟಿದರು. ಶ್ರುತಿ ತಪ್ಪಲಿಲ್ಲ, ತಾಳ ತಪ್ಪಲಿಲ್ಲ, ಕೇಳಿಸಲಿಲ್ಲ ಅಷ್ಟೇ. ಮಕ್ಕಳು ಹೆದರಿಬಿಟ್ಟವು ಅಂತ ನಿನಗೆ ಬರೆದಿದ್ದೆ.

ಹೆಡ್ಮಿಸ್ ನನ್ನನ್ನು ಕರೆದು, "ಬಾಯೇ ತೆರೆಯದ ಮಕ್ಕಳಿಗೆ ಹಾಡಿನ ಪಿರಿಯಡ್ ಯಾಕಮ್ಮ? ಇನ್ನೊಂದು ಸ್ಪರ್ಧೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಅದನ್ನೂ ಗಣಿತಕ್ಕೇ ಕೊಡ್ತೀನಿ" ಅಂದರು. ಮೈಯೆಲ್ಲ ಉರಿದುಹೋಯಿತು. ಜಾಗ ಕೊಡದೆ ದನಿ ಕೇಳುವುದು ಯಾವ ನ್ಯಾಯ?

ದಾರಿ ತೋರಿಸಿದವನು ಶಾಲೆಯ ಡ್ರೈವರಣ್ಣ. "ಹನ್ನೆರಡಕ್ಕೆ ಚಿಕ್ಕ ಮಕ್ಕಳನ್ನ ಮನೆಗೆ ಬಿಡೋಕೆ ಬಸ್ ತಗೊಂಡು ಹೋಗ್ತೀನಿ. ಒಂದೂವರೆ ತನಕ ಶೆಡ್ ಖಾಲಿ. ಗಂಟಲು ಹರ್ಕೊಂಡು ಹಾಡಿ, ಯಾರು ಕೇಳ್ತಾರೆ?" ಅಂದ. ಊಟದ ಬಿಡುವಿನಲ್ಲಿ ಹೋದೆವು. ತಗಡಿನ ಚಾವಣಿ, ಡೀಸೆಲ್ ವಾಸನೆ, ಎಲ್ಲರ ಬಿಳಿ ಸಾಕ್ಸಿಗೂ ಎಣ್ಣೆ ಕಲೆ. ಅಯ್ಯೋ, ಜಾಗ ಸಿಕ್ಕರೂ ದನಿ ಹೊರಡಲಿಲ್ಲ ನೋಡು! ಹಾಡು ಬದಿಗಿಟ್ಟು, ಗೇಟಿನ ಹತ್ತಿರ ಕೂತ ವಾಚ್‌ಮನ್ ತಾತನನ್ನು ಇಲ್ಲಿಂದಲೇ ಕೂಗಿ ಕರೆಯಿರಿ ಅಂದೆ. ಮೂರು ದಿನ ತಾತ ತಿರುಗಿಯೂ ನೋಡಲಿಲ್ಲ. ನಾಲ್ಕನೇ ದಿನ, "ಏನ್ರೋ ಅದು, ಬೆಂಕಿ ಗಿಂಕಿ ಬಿತ್ತಾ?" ಅಂತ ಓಡೋಡಿ ಬಂದ. ಅವತ್ತಿನಿಂದ ಹಾಡು ಶುರು. ಸದ್ದು ಕೇಳಿ ಇಣುಕಲು ಬಂದವರು ಒಳಗೇ ನಿಂತುಬಿಟ್ಟರು. ಹನ್ನೊಂದಿದ್ದವರು ಮೂವತ್ತನಾಲ್ಕಾದರು! ಇವರಿಗೆಲ್ಲ ಹಾಡಿನಲ್ಲಿ ಆಸಕ್ತಿಯಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಪಾಪ, ನಿಲ್ಲಲು ಜಾಗವಿರಲಿಲ್ಲ.

ನಿನ್ನೆ ಹೆಡ್ಮಿಸ್ ಬೇಕಂತಲೇ ಕೊನೇ ಸಾಲಿನಲ್ಲಿ ಕೂತರು. ಹಾಡು ಮುಗಿದಾಗ ಅಲ್ಲಿಂದ ನೇರ ನನ್ನ ಹತ್ತಿರ ಬಂದು, "ಪಿರಿಯಡ್ ಇರ್ಲಿ. ಶೆಡ್ಡಿನ ನೆಲ ತೊಳೆಸ್ತೀನಿ" ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಸನ್ಮಾನವೇ. ನಾನು ಬಾತ್‌ರೂಮಿಗೆ ಹೋಗಿ ಮನಸಾರೆ ಅತ್ತು ಬಂದೆ.

ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯಾ? ನಿಜ ಹೇಳು.

ನಿನ್ನ ಬಾಯಿಬಡುಕಿ ಮಗಳು

ಮರೆತದ್ದಲ್ಲ, ಬಚ್ಚಿಟ್ಟದ್ದು: ಮೊದಲ ಸಲ ಮಕ್ಕಳು ಹೆದರಿರಲಿಲ್ಲಮ್ಮ. ವೇದಿಕೆಯ ಮೇಲೆ ಅವರ ದನಿ ಏರತೊಡಗಿತ್ತು. ಹಜಾರದ ಅಭ್ಯಾಸಬಲ, ಎದುರು ನಿಂತು ಕೈಯಾಡಿಸಿ ಹಾಡಿಸುತ್ತಿದ್ದ ನಾನೇ ಮೆತ್ತಗೆ ಅಂತ ಕೈ ಇಳಿಸಿಬಿಟ್ಟೆ. ನಿನ್ನೆ ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಆರನೇ ತರಗತಿಯ ಪುಟ್ಟಿಯೊಬ್ಬಳು ಸಮಾಧಾನ ಹೇಳಿದಳು: "ನಮಗೆ ಗೊತ್ತಿತ್ತು ಮಿಸ್. ಇವತ್ತೂ ಒಂದ್ಸಲ ಇಳಿಸಿದ್ರಿ. ನಾವು ಲೆಕ್ಕಕ್ಕೇ ತಗೊಳ್ಲಿಲ್ಲ."