ಗಾಡಿ ಓಡಿಸಿದವರು ಇಬ್ಬರು

ಕಾಪು
ಉತ್ಥಾನ ಏಕಾದಶಿ, ಮಂಗಳವಾರ
೧೫-೧೧-೧೯೮೩

ತಂಗಿ ಪಂಕಜಾಳಿಗೆ ಅಕ್ಕ ರಮಾಮಣಿಯ ಆಶೀರ್ವಾದಗಳು.

ಇವತ್ತು ಏಕಾದಶಿ. ನನ್ನದು ನಿರ್ಜಲ, ನಿನಗೆ ಗೊತ್ತುಂಟು. ಒಲೆ ಹೊತ್ತಿಸುವ ಕೆಲಸವಿಲ್ಲ. ದನಕ್ಕೆ ಹುಲ್ಲು ಹಾಕಿ, ಕೊಟ್ಟಿಗೆ ತೊಳೆದು, ನಾಳೆಯ ತುಳಸಿ ಪೂಜೆಗೆಂದು ಕಟ್ಟೆಯನ್ನು ಸೆಗಣಿಯಲ್ಲಿ ಸಾರಿಸಿ, ಮಿಂದು, ಜಪ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೇನೆ. ಕಟ್ಟೆಯಲ್ಲಿ ಊರಲಿಕ್ಕೆ ನೆಲ್ಲಿಯ ಗೆಲ್ಲು ಮಾತ್ರ ಇನ್ನೂ ಬಂದಿಲ್ಲ. ಕೆಲಸದ ಅಪ್ಪಿ ತರುತ್ತೇನೆ ಎಂದು ಹೋದವಳು ಯಾರದೋ ಬಾವಿಕಟ್ಟೆಯಲ್ಲಿ ಮಾತಿಗೆ ನಿಂತಿರಬೇಕು.

ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ಬೇಸರಿಸಬೇಡ. ಬಿಡುವಿಲ್ಲದೆ ಅಲ್ಲ. ಸಿಟ್ಟಿನಲ್ಲಿ ಬರೆಯಬಾರದು, ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನವಿಲ್ಲ ಎಂದು ಇವತ್ತು ಬರೆಯುತ್ತಿದ್ದೇನೆ. ಸುಭಾಷಿಣಿಯ ಕೆಮ್ಮು ಹೇಗುಂಟು? ಆಡುಸೋಗೆ ಎಲೆಯನ್ನು ಬಾಡಿಸಿ ರಸ ಹಿಂಡಿ ಜೇನಿನಲ್ಲಿ ಕೊಡು. ಮಗಳು ಮುಖ ಸಿಂಡರಿಸುತ್ತಾಳೆ ಎಂದು ಬಿಟ್ಟುಬಿಡಬೇಡ.

ಈಗ ಗಾಡಿಯ ವಿಷಯ. ಮಾರುವುದಕ್ಕೆ ನನ್ನ ಅಡ್ಡಿ ಇಲ್ಲ. ಮಾರುವ ಎಂದವಳೇ ನಾನು. ವಾರಕ್ಕೊಮ್ಮೆ ಅದನ್ನು ಸ್ಟಾರ್ಟ್ ಮಾಡಿ ಇಡುತ್ತೇನೆ, ಆದರೆ ನಮ್ಮ ಇವರು ತೀರಿಹೋದ ಮೇಲೆ ರಸ್ತೆಗೆ ತೆಗೆಯಲು ಮನಸ್ಸು ಬರಲಿಲ್ಲ. ಕಡಲ ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುತ್ತದೆಯೇ? ತುಕ್ಕಿಗೆ ಕೊಡುವ ಬದಲು ಯಾರಾದರೂ ಆಸೆಪಡುವವರಿಗೆ ಕೊಡುವುದು ಒಳ್ಳೆಯದು. ಅದನ್ನೇ ನಿನ್ನ ಯಜಮಾನರಿಗೆ ಹೇಳಿದೆ. ಅನಂತಪದ್ಮನಾಭರು ಹತ್ತು ಜನರ ವ್ಯವಹಾರ ಮುಗಿಸಿಕೊಟ್ಟವರು, ಇದನ್ನೂ ಮುಗಿಸಿಕೊಡುತ್ತಾರೆ ಎಂದುಕೊಂಡೆ. ಮಣಿಪಾಲದಲ್ಲಿರುವ ಅಲೆಕ್ಸಾಂಡರ್ ಡಾಕ್ಟರನ್ನು ಕರೆದುಕೊಂಡು ಬಂದರು. ಹಳೆಯ ಗಾಡಿಗಳ ಹುಚ್ಚಿನ ಮನುಷ್ಯ, ಆದರೆ ಒಳ್ಳೆಯವರು. ಆ ದಿನ ನಡೆದದ್ದನ್ನು ನಿನ್ನ ಯಜಮಾನರು ನಿನಗೆ ಅರ್ಧ ಹೇಳಿದ್ದಾರೆ. ಉಳಿದರ್ಧ ನಾನು ಹೇಳುತ್ತೇನೆ.

ಡಾಕ್ಟರು ನಮ್ಮ ಮಾರಿಸ್ ಮೈನರ್ ಕಾರನ್ನು ನೋಡಿ ದೇವರ ಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟರು. ಬಾನೆಟ್ ಎತ್ತಿದರು, ನೆಲದಲ್ಲಿ ಮಲಗಿ ಅಡಿಗೆ ಕಣ್ಣು ಹಾಯಿಸಿದರು. ತಿರುಗುವಾಗ ದಿಕ್ಕು ತೋರಿಸಲಿಕ್ಕೆ ಬಾಗಿಲ ಕಂಬದಿಂದ ಹೊರಗೆ ಚಾಚುವ ಆ ಕೆಂಪು ಕೈ ಉಂಟಲ್ಲ, ಅದು ಟಪ್ಪೆಂದು ಎದ್ದಾಗ ಮಗುವಿನ ಹಾಗೆ ನಕ್ಕರು.

“ಬಣ್ಣ ಕಂಪೆನಿಯದ್ದೇ! ದೀಪ, ಮೀಟರು, ಸೀಟಿನ ಚರ್ಮ, ಎಲ್ಲ ಒರಿಜಿನಲ್. ಇಂಥದ್ದು ಸಿಗುವುದಿಲ್ಲ ಮಾರಾಯ್ರೆ.”

ನಾನು ಕೇಳಿದೆ, “ಒರಿಜಿನಲ್ ಆದರೆ ಎಂತ ಡಾಕ್ಟ್ರೇ? ಓಡುವುದು ಅಷ್ಟೇ ಅಲ್ವಾ?”

“ಹಾಗಲ್ಲ ಅಮ್ಮ. ಫ್ಯಾಕ್ಟರಿಯಿಂದ ಹೊರಟಾಗ ಹೇಗಿತ್ತೋ ಹಾಗೇ ಇರಬೇಕು. ಒಬ್ಬರೇ ಮಾಲೀಕರು, ಒಂದೇ ಕೈ ಓಡಿಸಿದ್ದು ಅಂತಾದರೆ ಬೆಲೆ ಇಮ್ಮಡಿ.”

ಆಮೇಲೆ ಬಾಗಿಲು ತೆರೆದು ಒಳಗೆ ಬಗ್ಗಿದವರು ಅಲ್ಲೇ ನಿಂತರು. “ಇದೆಂತ ಇದು? ಪೆಡಲಿಗೆ ಮರದ ತುಂಡು! ಬೋಲ್ಟ್ ಬೇರೆ ಹೊಡೆದಿದ್ದಾರೆ. ಸೀಟನ್ನೂ ಮುಂದೆ ತಂದು ನೆಲಕ್ಕೆ ಹೊಸ ತೂತು ಕೊರೆದಿದ್ದಾರೆ!”

ನಿನ್ನ ಯಜಮಾನರು ತಡಮಾಡಲಿಲ್ಲ. “ಯಾರೋ ಗ್ಯಾರೇಜಿನವನ ಕಿತಾಪತಿ ಡಾಕ್ಟ್ರೇ. ತೆಗೆಸುವ.”

“ಗ್ಯಾರೇಜಿನವ ಅಲ್ಲ,” ಎಂದೆ ನಾನು. “ನಮ್ಮ ಶೀನ ಆಚಾರಿ ಮಾಡಿದ್ದು. ಹಲಸಿನ ಮರ. ನನ್ನ ಕಾಲು ಎಟುಕುವುದಿಲ್ಲ ಎಂದು.”

“ನಿಮ್ಮ ಕಾಲಾ? ನೀವು ಗಾಡಿ ಬಿಡ್ತೀರಾ ಅಮ್ಮ?”

ನಿನ್ನ ಯಜಮಾನರು ಗಟ್ಟಿಯಾಗಿ ನಕ್ಕರು. “ನಮ್ಮ ಅತ್ತಿಗೆಗೆ ತಮಾಷೆ ಜಾಸ್ತಿ. ಶೆಡ್ಡಿನಿಂದ ಅಂಗಳಕ್ಕೆ ತಂದು ತೊಳೀತಿದ್ರು, ಅಷ್ಟೆ.”

ಪಂಕಜಾ, ನಿನಗೆ ಪೂರ್ತಿ ಗೊತ್ತಿಲ್ಲದ್ದನ್ನು ಇಲ್ಲಿ ಬರೆಯಬೇಕು. ಇವರ ಕಣ್ಣಿನ ನರ ಸೊರಗಲು ಶುರುವಾದದ್ದು ಎಪ್ಪತ್ತೆರಡರಲ್ಲಿ. ವಕೀಲರಿಗೆ ಕಣ್ಣು ಕಾಣುವುದಿಲ್ಲ ಎಂದು ತಿಳಿದರೆ ಕಕ್ಷಿಗಾರ ಬೇರೆ ಮೆಟ್ಟಿಲು ಹತ್ತುತ್ತಾನೆ. “ರಮಾ, ವಾದ ಮಾಡಲಿಕ್ಕೆ ಬಾಯಿ ಸಾಕು. ಬಾಯಿಯಲ್ಲಿ ಗಾಡಿ ಬಿಡಲಿಕ್ಕೆ ಆಗುವುದಿಲ್ಲವಲ್ಲ,” ಎಂದರು. ಗಾಡಿ ಬಿಡಲು ನಮಗೆ ಮಗನಿರಲಿಲ್ಲ. ಡ್ರೈವರನ್ನು ಇಟ್ಟರೆ ಅವನ ಬಾಯಿಂದ ಊರೆಲ್ಲ ತಿಳಿಯುತ್ತದೆ. ಕಡಲ ಬದಿಯ ದೀಪಸ್ತಂಭದ ಹತ್ತಿರ ನೀರು ಇಳಿದ ಹೊತ್ತಿನಲ್ಲಿ ಗಟ್ಟಿ ಹೊಯಿಗೆಯ ಮೇಲೆ ಇವರೇ ನನಗೆ ಕಲಿಸಿದರು. ಮೊದಲ ದಿನ ನಾನು ಬ್ರೇಕಿನ ಬದಲು ಇನ್ನೊಂದನ್ನು ತುಳಿದು ಗಾಡಿಯ ಮೂತಿಯನ್ನು ಅಲೆಗೆ ತೋರಿಸಿದೆ. ಇವರು, “ಗಂಗಾಸ್ನಾನ ಆಯಿತು, ಇನ್ನು ಹಿಂದೆ ತೆಗೆ,” ಎಂದರು. ಬೈಯಲಿಲ್ಲ. ಮಂಗಳೂರಿಗೆ ಹೋಗಿ ಪರೀಕ್ಷೆ ಕೊಟ್ಟೆ. ಅಲ್ಲಿಯ ಅಧಿಕಾರಿ ನನ್ನನ್ನು ನೋಡಿ, “ಪರೀಕ್ಷೆಗೆ ಬಂದ ಹುಡುಗ ಎಲ್ಲಿ?” ಎಂದ. “ಹುಡುಗ ನಾನೇ,” ಎಂದೆ. ಲೈಸನ್ಸ್ ಕೊಟ್ಟ.

ಅಲ್ಲಿಂದ ಮುಂದೆ ಕಾಪುವಿನಿಂದ ಉಡುಪಿ ಕೋರ್ಟಿಗೆ ಇವರನ್ನು ದಿನಾ ಕರೆದುಕೊಂಡು ಹೋದವಳು ನಾನು. ಕೋರ್ಟಿನ ತಿರುವಿಗಿಂತ ಮೊದಲೇ ಇಳಿಸುತ್ತಿದ್ದೆ, ಅಷ್ಟು ದಾರಿ ಕಾಲಿಗೇ ಗೊತ್ತಿದ್ದರಿಂದ ಇವರು ನಡೆದು ಹೋಗುತ್ತಿದ್ದರು. ನಾನು ಮಠಕ್ಕೆ ಹೋಗಿ ಕೃಷ್ಣನ ದರ್ಶನ ಮಾಡಿ, ಸಂಜೆಯವರೆಗೆ ಪುರಾಣ ಕೇಳಿ, ಹಿಂದೆ ಕರೆತರುತ್ತಿದ್ದೆ. “ವಕೀಲರ ಹೆಂಡತಿ ಪುಣ್ಯವಂತೆ, ಗಂಡ ದಿನಾ ದರ್ಶನಕ್ಕೆ ಕರೆದುಕೊಂಡು ಹೋಗುತ್ತಾನೆ,” ಎಂದು ನೆಂಟರು ಹೇಳಿದರು. ರಸ್ತೆಯಲ್ಲಿ ಕಂಡವರೂ ಕಾಣದ ಹಾಗೆ ಇದ್ದರು. ಸ್ಟಿಯರಿಂಗ್ ಹಿಂದೆ ನನ್ನನ್ನು ಕಂಡರೆ ಮರ್ಯಾದೆಗೆ ಕಡಿಮೆ ಎಂದು ಅವರೇ ಕಣ್ಣು ತಿರುಗಿಸಿಕೊಂಡರು. ಇವರ ಕಣ್ಣಿನ ಸಲುವಾಗಿ ನಾನೂ ಬಾಯಿ ಬಿಡಲಿಲ್ಲ. ಈಗ ಆ ಕಾರಣ ಇಲ್ಲ.

ಹಾಗಾಗಿ ನಿನ್ನ ಯಜಮಾನರು ನಗುತ್ತಿರುವಾಗಲೇ ನಾನು ಸೆರಗು ಸಿಕ್ಕಿಸಿ ಹತ್ತಿ ಕುಳಿತೆ. “ಡಾಕ್ಟ್ರೇ, ನೀವೂ ಹತ್ತಿ,” ಎಂದೆ. ಶೆಡ್ಡಿನಿಂದ ತೆಗೆದು, ಗೇಟು ದಾಟಿ, ಪೇಟೆಯ ನಡುವಿನಿಂದಲೇ ಕಡಲಿನವರೆಗೆ ಬಿಟ್ಟೆ. ಡಾಕ್ಟರು ಮೊದಲು ಎದುರಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆಮೇಲೆ ಒಂದು ಕೈ ತೆಗೆದರು. ತಿರುವಿನಲ್ಲಿ ಮೀನಿನ ಬುಟ್ಟಿ ಹೊತ್ತ ವಿನೋದಾ ಅಡ್ಡ ನಿಂತು ಕೂಗಿದಳು:

“ಓ ಅಮ್ಮಾ! ಎಷ್ಟು ದಿನ ಆಯ್ತು ಕಾಣದೆ! ವಕೀಲರ ಹಿಂದೆ ಗಾಡಿಯೂ ಕಾಶಿಗೆ ಹೋಯ್ತು ಅಂತ ಮಾಡಿದ್ದೆ!”

“ಇವರು ಮೊದಲೂ ಗಾಡಿ ಬಿಡ್ತಿದ್ರಾ?” ಎಂದು ಡಾಕ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಎಂತ ಕೇಳ್ತೀರಿ ನೀವು? ಆ ದೊಡ್ಡ ಮಳೆಗೆ ಬಸ್ಸು ನಿಂತಾಗ ನನ್ನನ್ನೂ ಬುಟ್ಟಿಯನ್ನೂ ಉಡುಪಿಗೆ ಮುಟ್ಟಿಸಿದ್ದು ಯಾರು, ನಿಮ್ಮ ಅಪ್ಪನಾ?”

ಮೀನಿನ ಬುಟ್ಟಿಯ ವಿಷಯ ನಿನಗೆ ಇದೇ ಮೊದಲು ತಿಳಿಯುವುದು. ಹೌದು, ಹತ್ತಿಸಿಕೊಂಡಿದ್ದೆ. ಮನೆಗೆ ಬಂದು ನಾನೂ ಮಿಂದೆ, ಗಾಡಿಯನ್ನೂ ಮೀಯಿಸಿದೆ. ಆ ಮಳೆಯಲ್ಲಿ ಅವಳನ್ನು ರಸ್ತೆಯಲ್ಲಿ ಬಿಟ್ಟು ಹೋಗು ಎಂದು ಕೃಷ್ಣ ನನಗೇನೂ ಹೇಳಿರಲಿಲ್ಲ.

ಹಿಂದೆ ಬಂದು ಶೆಡ್ಡಿನ ಕಂಬಕ್ಕೆ ತಾಗದ ಹಾಗೆ ಹಿಮ್ಮುಖವಾಗಿ ಒಳಗೆ ನಿಲ್ಲಿಸಿದೆ. ಡಾಕ್ಟರು ಇಳಿದು ಕೈ ಮುಗಿದರು. “ಅಮ್ಮ, ನಾನು ಸುಳ್ಳು ಹೇಳಲಿಕ್ಕಿಲ್ಲ. ಪೆಡಲು, ನೆಲ ಬದಲಾದ್ದರಿಂದ ಬೆಲೆ ಇಳಿಯುತ್ತದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರೆ ಆ ಬೆಲೆಗೆ ನಾನೇ ತೆಗೆದುಕೊಳ್ಳುತ್ತೇನೆ.” ನಾನು ಆಗಲಿ ಎಂದೆ. ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೆ ಮುಗಿದಿತ್ತು.

ಆದರೆ ನಿನ್ನ ಯಜಮಾನರಿಗೆ ಮುಗಿಯಲಿಲ್ಲ. ಬೊಂಬಾಯಿಯ ಬೇರೆ ಗಿರಾಕಿಯನ್ನು ಹುಡುಕಿದ್ದಾರೆ. ಅವನಿಗೆ ಗಾಡಿ ನೋಡುವುದೂ ಬೇಡವಂತೆ, ಕಾಗದ ಸಾಕಂತೆ. ಹೊಸ ಪೆಡಲು ಹಾಕಿಸಿ, ನೆಲದ ತೂತುಗಳನ್ನು ವೆಲ್ಡ್ ಮಾಡಿಸಿ, ಮೇಲೆ ಬಣ್ಣ ಬಳಿದರೆ ಗಾಡಿ ಪುನಃ ಒರಿಜಿನಲ್ ಆಗುತ್ತದಂತೆ. ಇದ್ದದ್ದು ಒರಿಜಿನಲ್ ಅಲ್ಲ, ಮುಚ್ಚಿದ್ದು ಒರಿಜಿನಲ್! ಇದು ಯಾವ ಲೆಕ್ಕ ಮಾರಾಯ್ತಿ? ನಾನು ಆರನೇ ಕ್ಲಾಸು ಕಲಿತವಳು, ನನಗೆ ಹೊಳೆಯುವುದಿಲ್ಲ. ಮತ್ತೆ ನಿನ್ನ ಕಾಗದದ ಜೊತೆಗೆ ನನ್ನ ರುಜುವಿಗೆಂದು ಅವರು ಟೈಪು ಮಾಡಿಸಿ ಕಳುಹಿಸಿದ ಹಾಳೆ: ‘ನನ್ನ ದಿವಂಗತ ಪತಿ ರಘುಪತಿಯವರ ಹೊರತು ಬೇರೆ ಯಾರೂ ಈ ವಾಹನವನ್ನು ಎಂದೂ ಓಡಿಸಿರುವುದಿಲ್ಲ.’

ನೀನು ಬರೆದಿದ್ದೀ, “ಅಕ್ಕಾ, ಒಂದು ರುಜು ಹಾಕಿದರೆ ನಿನ್ನದೇನು ಗಂಟು ಹೋಗುತ್ತದೆ? ಹೆಚ್ಚು ಬಂದರೆ ನಿನ್ನ ಮುಪ್ಪಿಗೇ ಆಯಿತಲ್ಲ.” ನಿನ್ನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾನು ರುಜು ಹಾಕುವುದಿಲ್ಲ. ಮರದ ತುಂಡು ತೆಗೆಯಲು ಬಿಡುವುದಿಲ್ಲ. ಕೊಂಡವರು ಕೊಂಡ ಮೇಲೆ ಏನು ಬೇಕಾದರೂ ಮಾಡಿಕೊಳ್ಳಲಿ, ಅದು ಅವರ ಗಾಡಿ. ನನ್ನ ಅಂಗಳದಿಂದ ಹೊರಡುವಾಗ ಅದು ಹೇಗುಂಟೋ ಹಾಗೇ ಹೊರಡಬೇಕು. ಇಲ್ಲದಿದ್ದರೆ ಇಲ್ಲೇ ಇರಲಿ. ನನ್ನ ಲೈಸನ್ಸ್ ಇನ್ನೂ ಉಂಟು.

ನೀನು ನನ್ನ ಮೇಲೆ ಸಿಟ್ಟು ಮಾಡಿಕೊಂಡರೂ ನಾಳೆ ತುಳಸಿ ಕಟ್ಟೆಯ ಮುಂದೆ ನಿನ್ನ ಹೆಸರಿನಲ್ಲಿ ದೀಪ ಇಡುತ್ತೇನೆ. ಸುಭಾಷಿಣಿ ಸೈಕಲ್ ಕಲಿಯಬೇಕು ಎಂದು ಹಟ ಮಾಡುತ್ತಾಳೆಂದು ಬರೆದಿದ್ದೆಯಲ್ಲ, ಕಲಿಸು. ಬಿದ್ದರೆ ಮೊಣಕಾಲು ತರಚುತ್ತದೆ, ಅಷ್ಟೆ. ಕೃಷ್ಣ ನಿಮ್ಮೆಲ್ಲರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ರಮಾಮಣಿ

ತಾ.ಕ.: ಕಾಗದ ಮಡಚಿ ಪುನಃ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ನಿನಗೆ ಬರೀ ಹಟ ಎಂದು ಕಾಣುತ್ತದೆ.

ಇವರು ಹೋದ ದಿನ ಗಾಡಿ ಸ್ಟಾರ್ಟ್ ಆಗಲಿಲ್ಲ ಎಂದು ನಿನ್ನ ಯಜಮಾನರು ನಿನಗೆ ಹೇಳಿದ್ದಾರೆ. ಅದು ಸುಳ್ಳು. ನಮ್ಮ ಮಾವನ ಶ್ರಾದ್ಧದ ಊಟ ಮುಗಿದಿತ್ತು, ಜಗಲಿ ತುಂಬ ಗಂಡಸರಿದ್ದರು. ನೀನು ಬಂದಿರಲಿಲ್ಲ, ಕುಕ್ಕುಂದೂರಿನ ನಿಮ್ಮ ಮನೆಯಲ್ಲೇ ಉಳಿದಿದ್ದೆ. ಇವರು ಕೈತೊಳೆದು ಬರುವಾಗ ಕುಸಿದರು, ಬಾಯಿ ಒಂದು ಬದಿಗೆ ಹೋಯಿತು. ಗಾಡಿ ಅಂಗಳದಲ್ಲಿ ಗೇಟಿಗೆ ಮುಖ ಮಾಡಿ ನಿಂತಿತ್ತು. ನಾನು ಕೀಲಿಕೈ ತೆಗೆದುಕೊಂಡು ಓಡಿ ಬಂದೆ. ನಿನ್ನ ಯಜಮಾನರು ಅದನ್ನು ನನ್ನ ಅಂಗೈಯಿಂದ ಕಿತ್ತುಕೊಂಡರು. “ಅತ್ತಿಗೆ, ಇಷ್ಟು ಗಂಡಸರು ಇರುವಾಗ ನೀವು ಗಾಡಿ ಬಿಡುವುದಾ? ನಾಳೆ ನಾವು ಊರಿನಲ್ಲಿ ಮುಖ ಎತ್ತಬೇಕಲ್ಲ!” ಎಂದರು. ಅಲ್ಲಿದ್ದ ಒಬ್ಬ ಗಂಡಸಿಗೂ ಗಾಡಿ ಬಿಡಲು ಬರುತ್ತಿರಲಿಲ್ಲ. ಕಾಪುವಿನ ಟ್ಯಾಕ್ಸಿ ಮದುವೆಗೆ ಹೋಗಿತ್ತು. ಪಡುಬಿದ್ರಿಗೆ ಆಳು ಕಳುಹಿಸಿ ಟ್ಯಾಕ್ಸಿ ತರಿಸಿದರು. ಅದು ಬರುವವರೆಗೆ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಕಾಣದವರು, ಆದರೂ ನನ್ನ ಕಡೆಗೇ ನೋಡುತ್ತಿದ್ದರು. ನಾನು ಯಾಕೆ ಹೊರಡುವುದಿಲ್ಲ ಎಂದು ಇವರಿಗೆ ತಿಳಿಯಲಿಲ್ಲ. ಮಣಿಪಾಲ ಮುಟ್ಟುವಾಗ ಜೀವ ಇರಲಿಲ್ಲ. ಯಾಕೆ ತಡ ಎಂದು ಅಲ್ಲಿ ಕೇಳಿದಾಗ ನಿನ್ನ ಯಜಮಾನರು, “ಗಾಡಿ ಸ್ಟಾರ್ಟ್ ಆಗಲಿಲ್ಲ,” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ನಿನ್ನ ಮುಖ ನೋಡಿ ಎರಡು ವರ್ಷ ನುಂಗಿದೆ. ಬೇಗ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅದು ದೇವರಿಗೆ ಗೊತ್ತು. ಆದರೆ ಈಗ ನನ್ನ ಕೈಯಿಂದಲೇ ಬರೆಸಲು ನೋಡುತ್ತಾರಲ್ಲ, ಆ ಗಾಡಿಯನ್ನು ಇವರ ಹೊರತು ಯಾರೂ ಓಡಿಸಿಲ್ಲ ಎಂದು? ನಾನು ಅದಕ್ಕೆ ರುಜು ಹಾಕಿದರೆ, ಆ ದಿನ ಆ ಅಂಗಳದಲ್ಲಿ ಗಾಡಿ ಓಡಿಸುವವರು ಯಾರೂ ಇರಲಿಲ್ಲ ಎಂದು ನಾನೇ ಒಪ್ಪಿದ ಹಾಗೆ. ನಾನಿದ್ದೆ, ಪಂಕಜಾ.

ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ರುಜು ಹಾಕಿ ದೇವರ ಮುಂದೆ ಇಟ್ಟಿದ್ದೇನೆ. ಅಂಚೆಗೆ ಹಾಕುವುದಿಲ್ಲ. ಅದನ್ನು ನನ್ನ ಅಂಗೈಯಿಂದ ತೆಗೆದುಕೊಂಡು ಹೋಗಿ ಡಾಕ್ಟರಿಗೆ ಮುಟ್ಟಿಸಲು ನಿನ್ನ ಯಜಮಾನರೇ ಬರಲಿ, ಆಳನ್ನು ಕಳುಹಿಸಬೇಡ.