ಎರಡನೇ ತರಗತಿಯಲ್ಲಿ ನಮ್ಮ ಯಜಮಾನರು

ಇಸೆಯಿನ್
18 ಫೆಬ್ರವರಿ 1987, ಬುಧವಾರ

ಲಸಿಸಿಯ ತಾಯಿ, ನನ್ನ ಹಿರಿಯಕ್ಕನವರಿಗೆ,

ಸಿದಿಕಾತು ಮಂಡಿಯೂರಿ ಮಾಡುವ ನಮಸ್ಕಾರಗಳು. ಇಬಾದಾನಿನಲ್ಲಿ ನೀವು, ಲಸಿಸಿ, ಅವನ ಹೆಂಡತಿ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಧೂಳುಗಾಳಿಗೆ ಎಲ್ಲರ ತುಟಿ ಒಡೆದಿದೆ, ಅದು ಬಿಟ್ಟರೆ ನಾವೂ ಕ್ಷೇಮ.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡಿ. ಬರೆಯಲೆಂದು ತಂದಿಟ್ಟ ಹಾಳೆಗಳನ್ನೆಲ್ಲ ಬಿಲಿಕಿಸು ಶಾಲೆಗೆ ಒಯ್ದು ಅಕ್ಷರದ ಚೀಟಿ ಕತ್ತರಿಸಿಬಿಟ್ಟಳು. ಕೇಳಿದರೆ, "ಅಮ್ಮ, ಕ್ಲಾಸಲ್ಲಿ ಅಕ್ಷರ ಕಮ್ಮಿ ಬಿದ್ದಿತ್ತು" ಅಂದಳು. ಮನೆಯಲ್ಲಿ ಉಪ್ಪು ಕಮ್ಮಿ ಬಿದ್ದ ಹಾಗೆ ಅಕ್ಷರವೂ ಕಮ್ಮಿ ಬೀಳುತ್ತದಂತೆ. ಎಂಟು ವರ್ಷಕ್ಕೇ ಈ ಬಾಯಿ. ಹೆತ್ತವಳು ನಾನಾದರೂ ಇವಳು ಥೇಟ್ ಅವಳ ದೊಡ್ಡಮ್ಮನೇ ಎಂದು ಬಂದವರಿಗೆಲ್ಲ ಹೇಳುತ್ತಿರುತ್ತೇನೆ.

ಅಕ್ಕ, ನಿಮ್ಮ ಕಾಗದದಲ್ಲಿ ಮೊಮ್ಮಗುವಿನ ಹಲ್ಲಿನ ಬಗ್ಗೆ ಒಂದೂವರೆ ಪುಟ ಇತ್ತು. ನಮ್ಮಿಬ್ಬರನ್ನೂ ಕಟ್ಟಿಕೊಂಡ ಯಜಮಾನರ ಬಗ್ಗೆ ಮಾತ್ರ ಕೊನೆಯಲ್ಲಿ ಒಂದೇ ಮಾತು, "ಅವರು ಹೇಗಿದ್ದಾರೆ?" ಇಬಾದಾನಿನ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಹಾಕುತ್ತೇನೆಂದು ನೀವು ಹೊರಟಿರಿ, ಅವರು ಬೇಡವೆಂದರು, ನೀವು ಗಂಟು ಕಟ್ಟಿದಿರಿ. ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅವ್ರೇ ನನ್ನ ಕರೀಲಿ ಸಿದಿಕಾತು, ಆವತ್ತು ಬರ್ತೀನಿ. ಕರೀದೆ ಈ ಅಂಗಳಕ್ಕೆ ಕಾಲಿಡಲ್ಲ." ಅವರೂ ಕಡಿಮೆಯವರೇ? ಮೂರು ವರ್ಷ ಹಲ್ಲು ಕಚ್ಚಿಕೊಂಡು ಕೂತರು. ಆಮೇಲೆ ಹೋದ ಮಳೆಗಾಲದಲ್ಲಿ ಪಾರ್ಶ್ವವಾಯು ಹೊಡೆಯಿತು. ಕರೆಯಬೇಕಾಗಿದ್ದ ಬಾಯಿಯೇ ಬಿದ್ದುಹೋಯಿತು. ನೀವು ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ನಿಂತಾಗ ಅವರು ಗೋಡೆಯ ಕಡೆ ಹೊರಳಿದರು, ನೀವು ಸಂಜೆಯ ಗಾಡಿಗೇ ವಾಪಸು ಹೋದಿರಿ. ಆ ಹೊತ್ತು ಯಾರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ.

ಬಲಗೈ ನಿಧಾನಕ್ಕೆ ಚೇತರಿಸಿಕೊಂಡಿತು. ನಡೆಯುತ್ತಾರೆ, ಉಣ್ಣುತ್ತಾರೆ, ನಮಾಜಿಗೆ ಕೂರುತ್ತಾರೆ. ಆದರೆ ಹೂಂ, ಉಹೂಂ ಬಿಟ್ಟು ಮಾತಿಲ್ಲ. ಮಾತು ಹೋದದ್ದಕ್ಕಿಂತ ದೊಡ್ಡ ಸಂಕಟ ಅಕ್ಷರ ಹೋದದ್ದು. ಈ ಊರಿನ ಅರ್ಧ ಲಾರಿಗಳ ಬೆನ್ನ ಮೇಲೆ, ಕ್ಷೌರದ ಅಂಗಡಿಗಳ ಹಲಗೆಯ ಮೇಲೆ ಇರುವುದೆಲ್ಲ ಅವರ ಕೈಬರಹ. ಆ ಮನುಷ್ಯ ತಾನೇ ಬರೆದ ಬೋರ್ಡಿನ ಮುಂದೆ ನಿಂತು, ಇದು ಯಾರ ಮನೆಯ ಗೋಡೆಯೋ ಎನ್ನುವ ಹಾಗೆ ನೋಡುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಬಣ್ಣದ ಡಬ್ಬಿಗಳನ್ನು ಮಂಚದಡಿ ತಳ್ಳಿಬಿಟ್ಟೆ.

ಇಲ್ಲಿಂದ ಮುಂದಿನದು ಬಿಲಿಕಿಸುವಿನ ಟೀಚರ್ ಮಿಸ್ ಒಮೊವುಮಿಯ ಕಥೆ. ಇಜೆಬು ಕಡೆಯ ಹುಡುಗಿ, ಕಡ್ಡಿಯ ಹಾಗಿದ್ದಾಳೆ, ದನಿ ಮಾತ್ರ ನಾಲ್ಕು ಮನೆಗೆ ಕೇಳಿಸುತ್ತದೆ. ಹೊಸದಾಗಿ ಬಂದವಳಿಗೆ ಯಜಮಾನರ ಕಾಯಿಲೆ ಗೊತ್ತಿರಲಿಲ್ಲ. ತರಗತಿಯ ಗೋಡೆಗೆ ಅಕ್ಷರಮಾಲೆ ಬರೆಸಬೇಕು, ಅಕ್ಷರಕ್ಕೆ ಬೋರ್ಡು ಬರೆಯುವ ಗನಿಯು ಬಿಟ್ಟರೆ ಇನ್ಯಾರು ಎಂದು ಯಾರೋ ಕಳಿಸಿದರಂತೆ. ನಾನು ಅಂಗಳದಲ್ಲಿ ಅಲಸಂದೆ ಕಾಳು ತೊಳೆಯುತ್ತಿದ್ದೆ. ನಾನು ಎದ್ದು ತಡೆಯುವುದರೊಳಗೆ ಯಜಮಾನರು ಅವಳು ತಂದ ಬಣ್ಣ, ಬ್ರಷ್ ಹಿಡಿದು ಹಲಗೆಯ ಮುಂದೆ ಕೂತಿದ್ದರು. ಮೊದಲ ಗೆರೆ ಬಂತು. ಎಂಥ ಗೆರೆ, ಅಕ್ಕ, ಆ ಹಳೆಯ ಬಾಗು, ಆ ಹಳೆಯ ನುಣುಪು. ಅಲ್ಲಿಗೆ ಕೈ ನಿಂತಿತು. ಮುಂದೇನು ಎಂದು ಗೊತ್ತಾಗದೆ ಹುಡುಗಿಯ ಮುಖ ನೋಡಿದರು.

ಬೇರೆಯವರಾಗಿದ್ದರೆ ಅಯ್ಯೋ ಪಾಪ ಎಂದು ಎದ್ದು ಹೋಗುತ್ತಿದ್ದರು. ಇವಳು ಅವರ ಪಕ್ಕ ನೆಲದ ಮೇಲೆ ಕೂತಳು. "ಬಾಬಾ, ನನ್ ಕ್ಲಾಸಲ್ಲಿ ಎಲ್ಲಾರ್ಗೂ ಇದೇ ತೊಂದ್ರೆ. ನಾಳೆಯಿಂದ ಬನ್ನಿ, ಒಬ್ರು ಜಾಸ್ತಿ ಆದ್ರೆ ನಂಗೇನೂ ಭಾರ ಆಗಲ್ಲ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಅರವತ್ತು ದಾಟಿದ ಗಂಡಸು ಎರಡನೇ ತರಗತಿಯಲ್ಲಿ? "ನಮ್ಮ ಮನೆಯವ್ರನ್ನ ಏನಂದ್ಕೊಂಡಿದ್ದೀಯಮ್ಮ?" ಎಂದು ಕೇಳಿಯೂ ಬಿಟ್ಟೆ. ಮಾರನೆಯ ದಿನ ನೋಡಿದರೆ ಇವರು ಬಿಳಿ ನಿಲುವಂಗಿ ತೊಟ್ಟು, ಟೋಪಿ ಇಟ್ಟು, ಮಗಳ ಕೈ ಹಿಡಿದು ಹೊರಟಿದ್ದರು. ದಾರಿಯಲ್ಲಿ ಹುಡುಗರು ಬಿಲಿಕಿಸುವನ್ನು, "ನಿಮ್ಮಪ್ಪ ಫೇಲಾಗಿದ್ದಾರೇನೇ?" ಎಂದು ಕಾಡಿದರಂತೆ. ಇವಳು, "ಹೂಂ, ನಿಮ್ಮಪ್ಪನ ಲಾರಿ ಮೇಲೆ ತಪ್ಪು ಬರ್ದಿದ್ರಲ್ಲ, ಅದಕ್ಕೇ" ಅಂದಳಂತೆ.

ನಾನು ಶಾಲೆಯ ಗೇಟಿನ ಬಳಿ ಅಲಸಂದೆ ಕಡುಬು, ಮೊಯಿನ್-ಮೊಯಿನ್, ಮಾರುವವಳಾದ್ದರಿಂದ ಬುಟ್ಟಿ ಖಾಲಿಯಾದ ಮೇಲೆ ಹೋಗಿ ಕಿಟಕಿಯಲ್ಲಿ ನಿಲ್ಲುತ್ತೇನೆ. ನಾವು ಕಲಿತ ಶಾಲೆ ನೆನಪಿದೆಯಲ್ಲ, ಕೈಕಟ್ಟಿ ಕೂತು, ಬೆತ್ತ ನೋಡಿಕೊಂಡು ಮಗ್ಗಿ ಹೇಳುವುದು. ಈ ಹುಡುಗಿಯ ತರಗತಿಯಲ್ಲಿ ಯಾರೂ ಕೂತಿರುವುದನ್ನು ನಾನು ನೋಡಿಲ್ಲ. ಹೆಡ್‌ಮಾಸ್ಟರು ಬಾಗಿಲಿಗೆ ಬಂದು, "ಮಿಸ್, ಇದು ಸ್ಕೂಲೋ ನಾಮಕರಣದ ಮನೆಯೋ?" ಎಂದು ಕೇಳಿದರೆ, "ಎರಡೂ ಸರ್, ಇವತ್ತು ಹದಿನೇಳಕ್ಕೆ ಹೆಸರಿಡ್ತಾ ಇದೀವಿ" ಅಂದಳು. ನಮ್ಮ ಭಾಷೆಯ ಎಣಿಕೆಯಲ್ಲಿ ಹದಿನೇಳರ ಹೆಸರೇ 'ಇಪ್ಪತ್ತಕ್ಕೆ ಮೂರು ಕಡಿಮೆ' ತಾನೆ. ಇಪ್ಪತ್ತು ಮಕ್ಕಳನ್ನು ಒಂದೇ ಚಾಪೆಯ ಮೇಲೆ ಹತ್ತಿಸಿ, ಮೂವರನ್ನು ಎಲ್ಲರೂ ಸೇರಿ ಕೆಳಕ್ಕೆ ತಳ್ಳುತ್ತಾರೆ. ಹೊರಬಿದ್ದ ಮೂವರು ಎದೆ ತಟ್ಟಿಕೊಂಡು ಅಳುವ ನಾಟಕ ಆಡಬೇಕು. ನಾನು ಸತ್ತರೂ ಹದಿನೇಳನ್ನು ಮರೆಯಲಾರೆ, ಇನ್ನು ಆ ಮಕ್ಕಳು ಮರೆಯುತ್ತಾರೆಯೇ?

ಹುಡುಗಿಯರ ಜಡೆಯನ್ನೂ ಇವಳು ಬಿಟ್ಟಿಲ್ಲ. ವಾರಕ್ಕೊಂದು ಜಡೆ ಎಂದು ಶಾಲೆ ಗೊತ್ತುಮಾಡುತ್ತದಲ್ಲ, ಹೋದ ವಾರ ನೆತ್ತಿಗೆ ಅಂಟಿಸಿ ಎಂಟು ಸಾಲು ಹಿಂದಕ್ಕೆ ಹೆಣೆಯಬೇಕಿತ್ತು. ಸೋಮವಾರ ಪ್ರತಿಯೊಬ್ಬರೂ ಮುಂದೆ ಕೂತವಳ ತಲೆಯ ಮೇಲೆ ಬೆರಳಿಟ್ಟು ಸಾಲು ಎಣಿಸಿದರು. ಒಂದು ತಲೆಗೆ ಎಂಟು, ಎರಡು ತಲೆಗೆ ಹದಿನಾರು, ಮೂರು ತಲೆಗೆ ಇಪ್ಪತ್ನಾಲ್ಕು. ನಿದ್ದೆಗಣ್ಣಲ್ಲಿ ಜಡೆ ಹಾಕಿ ಏಳೇ ಸಾಲು ಹೆಣೆದ ಒಬ್ಬ ತಾಯಿಯ ಕೆಲಸವೂ ಬಯಲಾಯಿತು. ಆ ತಾಯಿ ಯಾರೆಂದು ನೀವು ಕೇಳಬೇಡಿ, ಬಿಲಿಕಿಸು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

"ಹುಡುಗ್ರಿಗೆ ಜಡೆನೇ ಇಲ್ವಲ್ಲ ಮಿಸ್" ಎಂದು ಒಬ್ಬ ರಾಗ ತೆಗೆದ. "ನೀವೆಲ್ಲ ಸೊನ್ನೆ" ಅಂದಳು ಟೀಚರ್. ಹುಡುಗಿಯರೆಲ್ಲ ಕೇಕೆ ಹಾಕಿದರು. ಆಗ ಅವಳು ಎಂಟು ಸಾಲಿನ ಒಬ್ಬಳನ್ನು ನಿಲ್ಲಿಸಿ, ಯಜಮಾನರ ಬಳಿ ಹೋಗಿ, ಮಂಡಿಯೂರಿ, "ಬಾಬಾ, ಟೋಪಿ ತೆಗೀರಿ" ಅಂದಳು. ಇವರ ಬೋಳುತಲೆಯನ್ನು ಹೊರಗಿನವರು ಯಾರು ನೋಡಿದ್ದಾರೆ? ಅವರು ತೆಗೆದರು. ಅವರನ್ನು ಆ ಹುಡುಗಿಯ ಪಕ್ಕದಲ್ಲಿ, ಎಂಟರ ಮುಂದೆ ಸೊನ್ನೆ ಬರೆದ ಹಾಗೆ ನಿಲ್ಲಿಸಿ, "ಈಗ ಎಷ್ಟು?" ಎಂದು ಕೇಳಿದಳು. ಇಡೀ ತರಗತಿ ಒಟ್ಟಿಗೆ, "ಎಂಬತ್ತು" ಎಂದು ಕೂಗಿತು. "ನೋಡಿದ್ರಾ, ಸೊನ್ನೆ ಬಂದು ನಿಂತಿದ್ದಕ್ಕೆ ಇವಳು ಎಂಬತ್ತಾದ್ಲು. ಸೊನ್ನೆನ ಯಾರಾದ್ರೂ ಇನ್ನು ಆಡ್ಕೋತೀರಾ?"

ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು, ಅಕ್ಕ. ಹುಡುಗಿಯರು ಆಮೇಲೆ ನಾ ಮುಂದು ತಾ ಮುಂದು ಎಂದು ಜಗಳವಾಡಿದರು, "ಬಾಬಾ ನನ್ ಪಕ್ಕ ನಿಂತ್ಕೊಳ್ಳಿ" ಎಂದು. ನಾನು ಖಾಲಿ ಬುಟ್ಟಿ ಮುಖಕ್ಕೆ ಹಿಡಿದುಕೊಂಡು ಅತ್ತೆ.

ಓದಿನ ವಿಷಯ ಕೇಳಿ. ನಮ್ಮ ಭಾಷೆಯಲ್ಲಿ ದನಿಯ ಏರಿಳಿತ ತಪ್ಪಿದರೆ ಪದದ ಅರ್ಥವೇ ಬದಲಾಗುತ್ತದಲ್ಲ, ಅದನ್ನು ಕಲಿಸಲು ಅವಳು ಮೊದಲು ಡೋಲು ಬಡಿಯುತ್ತಾಳೆ. ಮಕ್ಕಳು ಬಡಿತ ಕೇಳಿ ಪದ ಯಾವುದೆಂದು ಊಹಿಸಬೇಕು. ಒಂದು ದಿನ ಅವಳು ನೀರಿನ ಚಿತ್ರ ತೋರಿಸಿದಾಗ, ಯಜಮಾನರ ಬೆರಳು ಬೆಂಚಿನ ಮೇಲೆ ಆ ಪದವನ್ನು ಬಡಿಯಿತು. ನಾಲಿಗೆಗೆ ಬಾರದ್ದು ಬೆರಳಿಗೆ ಬಂದಿತ್ತು. ಮಕ್ಕಳ ಗದ್ದಲದ ನಡುವೆ ಅಷ್ಟು ಸಣ್ಣ ಸದ್ದನ್ನು ಕೇಳಿಸಿಕೊಂಡಳಲ್ಲ ಆ ಹುಡುಗಿ, ಅದಕ್ಕೆ ನಾನು ಅವಳಿಗೆ ಕೈ ಮುಗಿಯುತ್ತೇನೆ. ಆವತ್ತಿನಿಂದ ಪ್ರತಿ ಪದವನ್ನೂ ಅವರಿಗೆ ಬಡಿದು ತೋರಿಸುತ್ತಾಳೆ. ಬಡಿತದ ಹಿಂದೆ ಅಕ್ಷರ ಒಂದೊಂದೇ ತಿರುಗಿ ಬರುತ್ತಿದೆ.

ಓಡಿ ಮುಟ್ಟುವ ಆಟವೊಂದಿದೆ. ಒಬ್ಬರು ಅಕ್ಷರದ ಚೀಟಿಗಳನ್ನು ನೆಲದ ಮೇಲೆ ಜೋಡಿಸಿ ಪದ ಮಾಡುತ್ತಾರೆ, ಉಳಿದವರು ಅದನ್ನು ಓದಿಕೊಂಡು ಆ ವಸ್ತುವನ್ನು ಓಡಿಹೋಗಿ ಮುಟ್ಟಬೇಕು. ಬಾಗಿಲು ಎಂದರೆ ಬಾಗಿಲಿಗೆ ಐವತ್ತು ಕೈ. ಮೇಕೆ ಎಂದು ಒಬ್ಬ ಜೋಡಿಸಿದ ದಿನ ಇಡೀ ತರಗತಿ ರಸ್ತೆ ದಾಟಿ ಹೋಗಿ, ನೇಕಾರರ ಮಗ್ಗದ ನೂಲೆಲ್ಲ ತುಳಿದು ರಂಪ ಮಾಡಿತು. ಯಜಮಾನರು ಮಕ್ಕಳ ಹಿಂದೆ ಕೋಲೂರಿಕೊಂಡು ಹೋಗಿ, ಕೊನೆಯವರಾಗಿ ಮೇಕೆ ಮುಟ್ಟಿ ಬಂದರು. ತಪ್ಪಾಗಿ ಬೆಕ್ಕನ್ನು ಮುಟ್ಟಲಿಲ್ಲ, ಮೇಕೆಯನ್ನೇ ಮುಟ್ಟಿದರು, ಗಮನಿಸಿ. ಈಗ ಕ್ಷೌರದ ಅಂಗಡಿಯ ಬೋರ್ಡಿನ ಮುಂದೆ ನಿಂತು ಬೆರಳಾಡಿಸಿ ಓದಿಕೊಳ್ಳುತ್ತಾರೆ. ಮಂಚದಡಿಯ ಬಣ್ಣದ ಡಬ್ಬಿಗಳನ್ನು ಮೊನ್ನೆ ಅವರೇ ಹೊರಗೆಳೆದರು.

ಇದು ನಿಮ್ಮ ಒಂದು ಸಾಲಿಗೆ ನನ್ನ ಉತ್ತರ. ನಿಮ್ಮ ಅಂಗಡಿಗೆ ಗಿರಾಕಿಗಳು ತುಂಬಿ ಬರಲಿ. ಮಗುವಿನ ಹಲ್ಲು ನೋವಿಲ್ಲದೆ ಮೂಡಲಿ. ನೀವು ನಡೆವ ದಾರಿಯನ್ನು ದೇವರು ಕಾಯಲಿ. ಬಿಲಿಕಿಸು ತನ್ನ ದೊಡ್ಡಮ್ಮನಿಗೆ ನೂರು ನಮಸ್ಕಾರ ಹೇಳಿದ್ದಾಳೆ, ನೂರನ್ನೂ ಬಿಡಿಬಿಡಿಯಾಗಿ ಎಣಿಸಿ ಹೇಳಲು ಹೊರಟಿದ್ದಳು, ನಾನೇ ತಡೆದೆ.

ನಿಮ್ಮ ಕಿರಿಯವಳು,
ಸಿದಿಕಾತು

ಸಹಿ ಹಾಕಿದ ಮೇಲೆ ಬರೆದದ್ದು:

ಅಕ್ಕ, ಇದನ್ನು ಬರೆಯದೆ ಲಕೋಟೆ ಅಂಟಿಸಲು ನೋಡಿದೆ, ಆಗಲಿಲ್ಲ. ಹೋದ ಗುರುವಾರ ಟೀಚರ್ ಅವರಿಗೆ, "ಬಾಬಾ, ಇವತ್ತು ಪದ ನಿಮ್ದು, ಯಾವ್ದು ಬೇಕಾದ್ರೂ ಮಾಡಿ" ಅಂದಳು. ನಾನು ಊಟ ತಂದಿದ್ದೆ, ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದ್ದರು. ಅವರು ಚೀಟಿಗಳ ರಾಶಿಯಲ್ಲಿ ತುಂಬಾ ಹೊತ್ತು ಹುಡುಕಿ ಐದನ್ನು ಆರಿಸಿ ಜೋಡಿಸಿದರು. ಮಕ್ಕಳು ಓದಿಕೊಂಡು ಎದ್ದು ನಿಂತರು, ಎಲ್ಲಿಗೆ ಓಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಬಿಲಿಕಿಸುವಿಗೂ ತಿಳಿಯಲಿಲ್ಲ, ಅವಳಿಗೆ ನೀವು ದೊಡ್ಡಮ್ಮ, ಊರಿಗೆ ಲಸಿಸಿಯ ತಾಯಿ. "ಬಾಬಾ, ಅಕ್ಷರ ಹೆಚ್ಚುಕಮ್ಮಿ ಆಗಿದೆ, ಇಂಥ ವಸ್ತು ಇಲ್ಲ" ಎಂದು ಟೀಚರ್ ಒಂದು ಚೀಟಿ ಬದಲಿಸಲು ಹೋದಳು. ಅವರು ಅವಳ ಕೈಯನ್ನು ಮೆಲ್ಲಗೆ ಸರಿಸಿದರು.

ಅಲ್ಲಿ ಇದ್ದದ್ದು A, W, E, R, O: ಅವೆರೋ, ನಿಮ್ಮ ಹೆಸರು. ಕಿರಿಯವಳು ಹಿರಿಯವಳ ಹೆಸರು ಹಿಡಿಯಬಾರದು, ಮದುವೆಯಾಗಿ ಬಂದಾಗಿನಿಂದ ನಾನು ಹಿಡಿದಿಲ್ಲ. ಅವರು ನಿಮ್ಮನ್ನು ಹಾಗೆ ಕರೆಯುತ್ತಿದ್ದುದನ್ನು ನನ್ನ ಕೋಣೆಯ ಗೋಡೆಯಾಚೆಯಿಂದ ಕೇಳಿ ಬಲ್ಲೆ. "ಸರಿಯಾಗೇ ಇದೆ ಮಿಸ್, ಅದು ಇಲ್ಲಿಲ್ಲ, ಇಬಾದಾನಲ್ಲಿದೆ" ಅಂದೆ. ಮಕ್ಕಳು ನಕ್ಕರು.

ನೀವು ಕೇಳಿದ್ದು ಅವರು ಕರೆಯಲಿ ಎಂದಲ್ಲವೇ? ಕರೆದಿದ್ದಾರೆ. ಬನ್ನಿ.

ಎರಡನೆಯವಳಾಗಿ ಬಂದ ನನ್ನನ್ನು ಅವರು ಇಷ್ಟು ವರ್ಷವೂ ಮನೆಯವರೆಲ್ಲರ ಹಾಗೆ 'ಮದುಮಗಳೇ' ಎಂದೇ ಕರೆದದ್ದು. ನನ್ನ ಹೆಸರಿಗೆ ಅಕ್ಷರ ಹೆಚ್ಚು ಬೇಕು, ಅದಕ್ಕೇ ಇರಬೇಕು ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡೆ. ಮೀಯಿಸಿದವಳು ನಾನು, ಉಣಿಸಿದವಳು ನಾನು ಎಂದು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಶುಕ್ರವಾರ ಊಟದ ನೆಪ ಮಾಡಿ ಮತ್ತೆ ಹೋದೆ, ಇವತ್ತು ಬೇರೆ ಹೆಸರು ಬಂದೀತೆಂದು ಬೆಂಚಿನ ಮೇಲೆ ಕಾದು ಕೂತೆ. ಅವರು ಮತ್ತೆ ಅವೇ ಚೀಟಿಗಳನ್ನು ಹುಡುಕಿದರು. ನಾಲ್ಕು ಸಿಕ್ಕವು, ಐದನೆಯದು ಕಾಣದೆ ಚಾಪೆಯೆಲ್ಲ ತಡಕಾಡತೊಡಗಿದರು. ಅದು ನನ್ನ ಕಾಲಬಳಿ ಬಿದ್ದಿತ್ತು, ಅಕ್ಕ. ನಾನೇ ಬಗ್ಗಿ ಎತ್ತಿ ಅವರ ಕೈಗೆ ಕೊಟ್ಟೆ.