ಏಳನೆಯ ಹವಳದ ಬಣ್ಣ

ಡೈವಿಂಗ್ ಮೇಡಂ ಅವರಿಗೆ ನಮಸ್ಕಾರ.

'ಐ ಬೆಗ್ ಟು ಸ್ಟೇಟ್' ಎಂದು ಪತ್ರ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು; ಮುಂದಿನದು ಮರೆತಿದೆ. ಭಾನುವಾರ ನಮ್ಮನ್ನು ಹವಳದ ದಿಬ್ಬಕ್ಕೆ ಇಳಿಸುವಾಗ ಬಣ್ಣದ ಕಾರ್ಡು ಕೊಟ್ಟು, ಪ್ರತಿ ಹವಳವನ್ನೂ ಅದಕ್ಕೆ ಹೋಲಿಸಿ ಬರೆಯಲು ಹೇಳಿದ್ದಿರಿ. ಏಳನೆಯದಕ್ಕೆ ನಾನು 'ಗಾಢ ಕಂದು, ಹೆಲ್ದಿ' ಎಂದು ಬರೆದೆ. ಅದು ಸುಳ್ಳು. ಹವಳ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಅದನ್ನು ನಿಮ್ಮ ತಂಡದ ಜೊತೆ ನೆಟ್ಟವಳು ನನ್ನ ಹೆಂಡತಿ. ನಾನಾಗ ನೀರಿಗೆ ಹೆದರಿ ದೋಣಿಯಲ್ಲೇ ಕೂತು ಅವಳ ಚಪ್ಪಲಿ ಕಾಯುತ್ತಿದ್ದೆ. "ಒಂದ್ಸಲ ಇಳಿದು ನೋಡ್ರೀ, ಸಮುದ್ರ ಕಚ್ಚಲ್ಲ" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಈಜು ಕಲಿತೆ, ಅರವತ್ತೇಳನೇ ವಯಸ್ಸಿನಲ್ಲಿ. ಅಷ್ಟು ಮಾಡಿ ಇಳಿದವನಿಗೆ ಬಿಳಿ ಎಂದು ಬರೆಯಲು ಕೈ ಬರಲಿಲ್ಲ.

ದೋಣಿ ಹತ್ತಿದ ಮೇಲೆ ನೀವು, "ಬಿಳಿಚಿದ್ದು ಸತ್ತಿಲ್ಲ ಅಂಕಲ್, ನೀವು ಬರೆದ ಪಟ್ಟಿ ನೋಡಿ ಅವಕ್ಕೆಲ್ಲ ಬಿಸಿಲು ತಡೆಯೋ ನೆರಳುಬಲೆ ಕಟ್ತೀವಿ, ಚೇತರಿಸ್ಕೋಬಹುದು" ಎಂದಿರಿ. ಆಗಲೇ ಬಾಯಿ ಬಿಡಬೇಕಿತ್ತು. ಎಲ್ಲರ ಮುಂದೆ ನಾಚಿಕೆಯಾಯಿತು.

ದಯವಿಟ್ಟು ಏಳನೆಯದನ್ನು 'ಪೂರ್ತಿ ಬಿಳಿ' ಎಂದು ತಿದ್ದಿ. ಅದಕ್ಕೂ ಬಲೆ ಕಟ್ಟಿ. ಒಂದು ತುದಿ ಹಿಡಿಯಲು ನಾನು ಬರಲೇ?

ಯುವರ್ಸ್ ಒಬಿಡಿಯಂಟ್ಲಿ,
ಸಿಲಿಂಡರಿನ ಗಾಳಿ ಎಲ್ಲರಿಗಿಂತ ಮೊದಲು ಮುಗಿಸಿದ ಅಂಕಲ್